ಒಂದೇ ಮನೆಯೊಳಗೆ ಟ್ರೇಡ್ ಇಲ್ಲ

ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತವರು ಫೋನು ಮುಟ್ಟಬಾರದು. ಅವರೆಯ ಸೊಗಡು ಬೆರಳಿಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ಬೆರಳಿನಿಂದ ಫೋನಿಗೆ ಹತ್ತಿತೆಂದರೆ ಮಾರನೆಯ ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಮ್ಮ ಮನೆಯ ಅಡುಗೆ ಏನೆಂದು ತಿಳಿದುಬಿಡುತ್ತದೆ. ಇದೆಲ್ಲ ಗೊತ್ತಿದ್ದೂ ಹೋದ ಭಾನುವಾರ ಬೆಳಿಗ್ಗೆ ಫೋನು ಗುಂಯ್‌ಗುಟ್ಟಿದಾಗ ಒದ್ದೆ ಕೈಯಲ್ಲೇ ಎತ್ತಿಕೊಂಡೆ. ರತ್ನತ್ತೆ ನನಗೊಂದು ಟ್ರೇಡ್ ಕಳಿಸಿದ್ದಳು. ತನ್ನ ತಂಡದ ಟವಲ್‌ನನ್ನು ನನಗೆ ಕೊಡುತ್ತಾಳಂತೆ. ಬದಲಿಗೆ ಕೇಳಿದ್ದು ಮೊಣಕಾಲು ಕೆಡಿಸಿಕೊಂಡು ಈ ವರ್ಷವೆಲ್ಲ ಆಡದೆ ಕೂತಿರುವ ನನ್ನ ಒಬ್ಬ ಆಟಗಾರನನ್ನು.

ನಿಮಗೆ ಏನೂ ಅರ್ಥವಾಗಿರಲಾರದು. ನನಗೂ ಪೂರ್ತಿ ಆಗಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಅದನ್ನು ಸಾಕ್ಷಿಗೆ ಕರೆಯೋಣವೆಂದರೆ ಅದನ್ನು ಬರೆದವಳೂ ನಾನೇ. ಅತ್ತೆ ನಮ್ಮ ಮನೆಗೆ ಬಂದಿದ್ದ ಆ ಚಳಿಗಾಲದ ಪುಟಗಳಲ್ಲಿ ನನ್ನ ತಲೆನೋವಿನ ವಿಚಾರ ಬೇಕಾದಷ್ಟಿದೆ. ಅಮ್ಮನ ಸೂಟ್‌ಕೇಸಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೀಗ ಬೇಕಾಗಿರುವುದು ಸೂಟ್‌ಕೇಸು.

ನಮ್ಮದು ಬ್ಯಾಸ್ಕೆಟ್‌ಬಾಲ್ ಲೀಗು. ನಾವು ಆಡುತ್ತೇವೆಂದು ತಿಳಿಯಬೇಡಿ. ನಮ್ಮ ಪೈಕಿ ಚೆಂಡನ್ನು ಬುಟ್ಟಿಗೆ ಹಾಕಿದವನು ಅತ್ತೆಯ ಮಗ ಚಂದ್ರು ಒಬ್ಬನೇ, ಅದೂ ಹೈಸ್ಕೂಲಿನಲ್ಲಿ. ಅಮೆರಿಕದಲ್ಲಿ ನಿಜವಾದ ಆಟಗಾರರು ನಿಜವಾಗಿ ಆಡುತ್ತಾರೆ. ನಾವು ಇಲ್ಲಿ ಅವರನ್ನು ಹಂಚಿಕೊಂಡು ಫೋನಿನ ಒಂದು ಆಪಿನಲ್ಲಿ ತಂಡ ಕಟ್ಟಿಕೊಂಡಿರುತ್ತೇವೆ. ಅಲ್ಲಿ ನನ್ನವನು ಚೆಂಡು ಹಾಕಿದರೆ ಇಲ್ಲಿ ನನಗೆ ಅಂಕ. ಅಲ್ಲಿ ಅವನ ಕಾಲು ಉಳುಕಿದರೆ ಇಲ್ಲಿ ನನಗೆ ಊಟ ಸೇರುವುದಿಲ್ಲ. ದೊಡ್ಡಬಳ್ಳಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ತನಗಾಗಿ ಹೀಗೊಬ್ಬಳು ಉಪವಾಸವಿದ್ದಾಳೆಂದು ಅವನಿಗೆ ಯಾರೂ ಹೇಳುವುದಿಲ್ಲ. ನಮ್ಮಲ್ಲಿರುವವನು ಬೇಡವಾದರೆ ಅವನನ್ನು ಕೊಟ್ಟು ಇನ್ನೊಬ್ಬರ ತಂಡದಿಂದ ಬೇರೊಬ್ಬನನ್ನು ತರಬಹುದು. ಅದೇ ಟ್ರೇಡ್. ಆಪಿನಲ್ಲಿ ಬೇಡಿಕೆ ಕಳಿಸಬೇಕು, ಎದುರಿನವರು ಒಪ್ಪಬೇಕು, ಉಳಿದವರಿಗೆ ತಕರಾರಿದ್ದರೆ ಹೇಳಲು ಒಂದು ದಿನ ಬಿಡಬೇಕು. ಬೇಡಿಕೆಯ ಕೆಳಗೆ ಎರಡು ಮಾತು ಬರೆಯಲು ಒಂದು ಪುಟ್ಟ ಚೌಕವೂ ಇದೆ. ಆ ಚೌಕವನ್ನು ನೆನಪಿಟ್ಟುಕೊಳ್ಳಿ.

ಚಂದ್ರುವಿಗೆ ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕೆಲಸ. ಅಲ್ಲಿನ ಗೆಳೆಯರಾದ ನಯಾಜ್ ಮತ್ತು ಮುನಿರಾಜು ಜೊತೆ ಸೇರಿ ಲೀಗು ಶುರುಮಾಡಿದ. ಎಂಟು ತಂಡ ಬೇಕಿತ್ತು, ಮೂರು ಜನ ಇದ್ದರು. ಉಳಿದದ್ದಕ್ಕೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ, ನೆಂಟರನ್ನು ಹಿಡಿದ. ನಮ್ಮ ಮನೆಯಿಂದ ನಾನು, ಅಪ್ಪ, ಪಕ್ಕದ ಮನೆಯಲ್ಲೇ ಇರುವ ಚಿಕ್ಕಪ್ಪ. ಶಿವಗಂಗೆಯ ಬುಡದಲ್ಲಿರುವ ಅವನ ಮನೆಯಿಂದ ಅವನ ಅಪ್ಪ, ಅಂದರೆ ನನ್ನ ಮಾವ. ಆಮೇಲೂ ಒಂದು ತಂಡ ಕಮ್ಮಿ ಬಿತ್ತು.

"ಅಮ್ಮ, ನಿಂದೊಂದು ಹೆಸರು ಹಾಕ್ಕೊಳ್ಲಾ?" ಎಂದನಂತೆ.

"ನಾನೇನ್ಲಾ ಮಾಡ್ಬೇಕು?"

"ಏನೂ ಇಲ್ಲ, ಮನುಷ್ಯರನ್ನ ಆರಿಸ್ಬೇಕು ಅಷ್ಟೆ."

"ಎಷ್ಟೆತ್ತರ ಅವ್ರೆ?"

ಅತ್ತೆ ಕೇಳಿದ್ದು ಅದೊಂದೇ ಪ್ರಶ್ನೆ ಎಂದು ಚಂದ್ರು ಈಗಲೂ ಹೇಳುತ್ತಾನೆ. ಎತ್ತರದವರನ್ನೆಲ್ಲ ಅವಳೇ ಬಳಿದುಕೊಂಡಳು, ಮೊದಲ ವರ್ಷವೇ ಗೆದ್ದಳು.

ನಿಜ ಹೇಳಬೇಕೆಂದರೆ ಆ ಆಟ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಅವರ ರಾತ್ರಿಯ ಪಂದ್ಯಗಳು ನಮಗೆ ಬೆಳಗಿನ ಜಾವಕ್ಕೆ ಬರುತ್ತವೆ. ದನ ಕಟ್ಟಿಕೊಂಡವರು ಹೇಗೂ ಎದ್ದಿರುತ್ತಾರೆ. ಹಾಲು ಕರೆದು, ಡೈರಿಗೆ ಹಾಕಿ ಬರುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ. ಆಟಗಾರರ ಹೆಸರುಗಳು ಮಾತ್ರ ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಹಾಗಾಗಿ ನಾವೇ ನಾಮಕರಣ ಮಾಡಿಕೊಂಡೆವು. ಮಾವನ ತಂಡದ ಎಲ್ಲರಿಗಿಂತ ದೊಡ್ಡ ಆಟಗಾರ ಗೋಪುರ. ನನ್ನವನೊಬ್ಬ ಎಡಚ. ಅತ್ತೆಯ ತಂಡದಲ್ಲಿ ಒಬ್ಬನಿದ್ದ, ಅವನನ್ನು ಅವರ ಕೋಚು ಆಟಕ್ಕೆ ಇಳಿಸುತ್ತಲೇ ಇರಲಿಲ್ಲ. ಪಂದ್ಯ ಮುಗಿಯುವತನಕ ತಲೆಯ ಮೇಲೆ ಟವಲ್ ಹೊದ್ದು ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನೇ ಟವಲ್. ಅವನಿಂದ ಅತ್ತೆಗೆ ಅಂಕ ಬಂದದ್ದು ನಾನು ಕಂಡಿಲ್ಲ.

"ಇವನನ್ನ ಯಾಕತ್ತೆ ಇಟ್ಕೊಂಡಿದೀಯ? ಬಿಟ್ಟು ಬೇರೆಯವನನ್ನ ತಗೋ," ಎಂದಿದ್ದೆ ಒಮ್ಮೆ.

"ಬಿಟ್ರೆ ಎಲ್ಲೋಯ್ತಾನೆ? ಪಾಪ, ಕೂತವ್ನೆ ಕೂತ್ಕೊಳ್ಲಿ."

ಟ್ರೇಡ್ ಎಂಬ ಮಾತು ನಮ್ಮಲ್ಲಿ ಹೆಚ್ಚು ದಿನ ಬಾಳಲಿಲ್ಲ. "ಕೊಟ್ಟು ತರೋದು" ಎಂದಾಯಿತು. ಹಾಗೆ ಮೊದಲು ಕರೆದದ್ದು ಚಿಕ್ಕಪ್ಪ ಎಂದು ನನ್ನ ನೆನಪು. ಅತ್ತೆಯೇ ಇರಬೇಕು ಎನ್ನುತ್ತಾನೆ ಚಂದ್ರು. ಅವನ ಮಾತೇ ನಿಜವಾದರೆ ಅತ್ತೆಯನ್ನು ನಾನು ಇನ್ನೊಂದು ಸಲ ಮೊದಲಿನಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಯಾಕೆಂದರೆ ಈ ಮಾತು ನಮಗೆ ಬಂದದ್ದು ಮದುವೆಯಿಂದ. ನಮ್ಮ ಎರಡು ಮನೆಗಳದ್ದು ಕೊಟ್ಟು ತಂದ ಸಂಬಂಧ. ನಮ್ಮ ಅಪ್ಪನ ತಂಗಿ ರತ್ನತ್ತೆಯನ್ನು ಮಾವನಿಗೆ ಕೊಟ್ಟರು, ಮಾವನ ತಂಗಿಯನ್ನು ಅಪ್ಪನಿಗೆ ತಂದರು. ಹಾಗೆ ಬಂದವಳೇ ನನ್ನ ಅಮ್ಮ. ಒಂದೇ ಚಪ್ಪರ, ಒಂದೇ ಮುಹೂರ್ತ, ಒಂದೇ ಅಡುಗೆಯವರು. ಇಂಥದನ್ನು ಎಂ.ಎ. ತರಗತಿಯಲ್ಲಿ ನಮಗೆ ಪಾಠವಾಗಿ ಹೇಳಿದರು. ಬೋರ್ಡಿನ ಮೇಲೆ ತ್ರಿಕೋನವೆಂದರೆ ಗಂಡು, ವೃತ್ತವೆಂದರೆ ಹೆಣ್ಣು, ನಡುವೆ ಬಾಣದ ಗುರುತುಗಳು. ನಾನು ಅಂದವಾಗಿ ಚಿತ್ರ ಬರೆದುಕೊಂಡು ಪರೀಕ್ಷೆಯಲ್ಲೂ ಬರೆದು ಬಂದೆ. ಅದರಲ್ಲಿ ಒಂದು ವೃತ್ತ ನಮ್ಮಮ್ಮ ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಇಂಥ ಸಂಬಂಧದಲ್ಲಿ ಕರೆಯುವುದೂ ಒಂದು ಸೊಗಸು. ಅಮ್ಮನಿಗೆ ಅತ್ತೆ ಅಣ್ಣನ ಹೆಂಡತಿ, ಅತ್ತೆಗೆ ಅಮ್ಮ ಅಣ್ಣನ ಹೆಂಡತಿ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಅತ್ತಿಗೆ. ಹಿತ್ತಲಿನಿಂದ ಒಬ್ಬಳು "ಅತ್ಗೇ" ಎಂದರೆ ಅಡುಗೆಮನೆಯಿಂದ ಇನ್ನೊಬ್ಬಳು "ಏನತ್ಗೇ" ಎನ್ನುತ್ತಾಳೆ. ಅಪ್ಪ ಮತ್ತು ಮಾವನದೂ ಹಾಗೇ, ಭಾವ, ಏನ್ ಭಾವ. ತಕ್ಕಡಿಯ ಎರಡು ತಟ್ಟೆ ಸಮ ನಿಂತ ಹಾಗೆ.

ತಕ್ಕಡಿಗೆ ಒಂದು ತೊಂದರೆಯಿದೆ. ಈ ಕಡೆಯದನ್ನು ಎತ್ತಿದರೆ ಆ ಕಡೆಯದು ನಿಲ್ಲುವುದಿಲ್ಲ. ಆ ಮನೆಯಲ್ಲಿ ನಮ್ಮ ಹುಡುಗಿ ಅತ್ತರೆ ಈ ಮನೆಯಲ್ಲಿ ಅವರ ಹುಡುಗಿಗೆ ನಗು ಬರಬಾರದು. ನಮ್ಮವಳು ತವರಿಗೆ ವಾಪಸ್ ಬಂದು ಕೂತರೆ ಅವರವಳೂ ಗಂಟು ಕಟ್ಟಬೇಕು. ಹಿಂದೆ ಇದನ್ನು ಪಂಚಾಯ್ತಿಯಲ್ಲಿ ಕೂತು ಹೇಳುತ್ತಿದ್ದರಂತೆ. ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ.

ಕೊಟ್ಟು ತರುವುದು ಎಂಬ ಹೆಸರು ಬಂದ ಮೇಲೆ ಅದರ ಹಿಂದೆಯೇ ರೀತಿ ರಿವಾಜುಗಳೂ ಬಂದವು. ಮೊದಲು ನಾನೂ ಅಪ್ಪನೂ ಆಟಗಾರರನ್ನು ಬದಲಾಯಿಸಿಕೊಳ್ಳಲು ಹೊರಟಾಗ ಚಿಕ್ಕಪ್ಪ ತಡೆದರು. "ಅಲ್ಲಣ್ಣ, ಮನೇವ್ರು ಮನೇವ್ರಿಗೇ ಕೊಡೋದು ಎಲ್ಲಾದ್ರೂ ಉಂಟಾ?" ಅಪ್ಪ ಸ್ವಲ್ಪ ಯೋಚಿಸಿ ನಾಚಿಕೊಂಡರು. ಒಂದೇ ಮನೆಯೊಳಗೆ ಟ್ರೇಡ್ ಇಲ್ಲ ಎಂದು ಚಂದ್ರು ಅಲ್ಲೇ ತೀರ್ಪು ಕೊಟ್ಟ. ಅವನೇ ಲೀಗಿನ ಪಟೇಲ. ಅಣ್ಣತಮ್ಮಂದಿರದ್ದೂ ಒಂದೇ ಮನೆಯ ಲೆಕ್ಕವಾದ್ದರಿಂದ ನಮ್ಮ ಮೂವರಿಗೆ ನೆಂಟರ ಪೈಕಿ ಅತ್ತೆಯ ಮನೆಯವರ ಹತ್ತಿರ ಹೋಗದೆ ಗತಿಯಿರಲಿಲ್ಲ. ನಯಾಜ್ ಮತ್ತು ಮುನಿರಾಜು ಹೊರಗಿನವರು. ಅವರಿಗೆ ಎಲ್ಲ ಬಾಗಿಲೂ ತೆರೆದಿತ್ತು.

ಆಮೇಲೆ ಧನುರ್ಮಾಸ ಬಂತು. ನಾನು ಮಾವನಿಗೆ ಒಂದು ಬೇಡಿಕೆ ಕಳಿಸಿದ್ದು ನೋಡಿ ಅಪ್ಪ ಕನ್ನಡಕ ತೆಗೆದರು. ಶುಭಕಾರ್ಯಕ್ಕಾಗದ ತಿಂಗಳು. ಸಂಕ್ರಾಂತಿ ಕಳೆಯಲಿ ಎಂದರು. ಚಂದ್ರು ಫೋನಿನಲ್ಲೇ ತಲೆ ಚಚ್ಚಿಕೊಂಡ.

"ಮಾವ, ಅವ್ರು ಅಮೆರಿಕದವ್ರು!"

"ಅವ್ರೆಲ್ಲಿಯವ್ರಾದ್ರೂ ಆಗ್ಲಿ. ಕೊಡೋರು ತರೋರು ನಾವಲ್ವೇನಪ್ಪ?"

"ಏನ್ ಗುರು ಇದು, ಒಂದು ತಿಂಗ್ಳು ಮಾರ್ಕೆಟ್ಟೇ ಬಂದ್ ಮಾಡ್ಸಿಬಿಟ್ರಲ್ಲ ನಿಮ್ ಮಾವ," ಎಂದು ನಯಾಜ್ ಗ್ರೂಪಿನಲ್ಲಿ ಬರೆದ. ಆದರೆ ಅವನೂ ಪಾಲಿಸಿದ. ಪ್ರತಿ ವರ್ಷ ಆಟಗಾರರನ್ನು ಮತ್ತೆ ಹೊಸದಾಗಿ ಹಂಚಿಕೊಳ್ಳುವುದು ಆಪಿನ ಪದ್ಧತಿ; ಅದನ್ನೂ ನಾವು ಬಿಟ್ಟೆವು. ಒಂದು ಸಲ ಮನೆ ತುಂಬಿಸಿಕೊಂಡವರನ್ನು ವರ್ಷವರ್ಷ ಬೀದಿಗೆ ನಿಲ್ಲಿಸುವುದು ಮಾವನಿಗೆ ಸರಿಬರಲಿಲ್ಲ.

ಮಾವ ಅಂಥ ಮನುಷ್ಯ. ಇದನ್ನು ಈಗಲೇ ಹೇಳಿಡಬೇಕು, ಇಲ್ಲದಿದ್ದರೆ ಮುಂದೆ ಬರುವುದನ್ನು ಕೇಳಿ ನೀವು ಅವರ ಬಗ್ಗೆ ಬೇರೆ ಥರ ತಿಳಿಯುತ್ತೀರಿ. ಒಮ್ಮೆ ಅವರಿಂದ ಚಿಕ್ಕಪ್ಪ ತಂದುಕೊಂಡ ಆಟಗಾರನೊಬ್ಬ ಮರುದಿನವೇ ಕಾಲು ಮುರಿದುಕೊಂಡ. ಅದು ಚಿಕ್ಕಪ್ಪನ ಹಣೆಬರಹ. ಆದರೂ ಮಾವ ಫೋನು ಮಾಡಿ, "ಕೆಟ್ಟೋದ ಹುಡುಗನ್ನ ನಿಮ್ಮನೇಲಿ ಬಿಟ್ಟು ನಾನು ನೆಮ್ಮದಿಯಾಗಿ ಉಣ್ಲಾ? ವಾಪಸ್ ಕಳಿಸ್ಕೊಡಪ್ಪ," ಎಂದು ಹಠ ಹಿಡಿದು ಹಿಂದಕ್ಕೆ ತೆಗೆದುಕೊಂಡು, ತಾವು ಪಡೆದವನನ್ನು ಹಿಂದಿರುಗಿಸಿದರು. ಒಂದು ಕಡೆ ಕೆಟ್ಟರೆ ಎರಡು ಕಡೆಯೂ ವಾಪಸ್. ಅದೂ ರಿವಾಜಾಯಿತು.

ಇಂಥ ಮಾವ ಒಂದು ಮಾರ್ಗಶಿರದಲ್ಲಿ ಅತ್ತೆಯ ಹಸುವನ್ನು ಟ್ರೇಡ್ ಮಾಡಿಬಿಟ್ಟರು.

ಚುಕ್ಕಿ ಎಂದು ಅದರ ಹೆಸರು. ಅತ್ತೆ ಕರುವಿನಿಂದ ಸಾಕಿದ್ದು. ಅವಳು ಯಾರದೋ ನಾಮಕರಣಕ್ಕೆ ಹೋಗಿ ಸಂಜೆ ಮನೆಗೆ ಬಂದು ನೋಡಿದರೆ ಚುಕ್ಕಿಯ ಗೂಟದಲ್ಲಿ ಬೇರೆ ಹಸು ನಿಂತಿತ್ತು. ಮೂರು ಮನೆ ಆಚೆಯವರ ಹಸು. ಚುಕ್ಕಿಯನ್ನು ಅವರಿಗೆ ಕೊಟ್ಟು ಅದನ್ನು ತಂದಿದ್ದರು ಮಾವ.

"ಎರಡು ಲೀಟ್ರು ಜಾಸ್ತಿ ಕೊಡ್ತಾಳೆ ಕಣೆ," ಎಂದರಂತೆ ಹೆಮ್ಮೆಯಿಂದ.

"ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಒಳ್ಳೇದೇ ಆಯ್ತಲ್ಲ, ಅದರಲ್ಲಿ ಕೇಳೋದೇನು?"

ಅಂಕಗಳ ದೃಷ್ಟಿಯಿಂದ ನೋಡಿದರೆ ಅದು ಒಳ್ಳೆಯ ಟ್ರೇಡ್. ಲೀಗಿನಲ್ಲಿ ಅಂಥದೊಂದು ಸಿಕ್ಕರೆ ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದೆವು. ಅತ್ತೆ ಆ ಹೊಸ ಹಸುವಿನ ಹಾಲು ಕರೆದು, ಡೈರಿಗೆ ಹಾಕಿ, ರಾತ್ರಿಯ ಅಡುಗೆ ಮಾಡಿಟ್ಟಳು. ಬೆಳಿಗ್ಗೆ ಒಂದು ಬ್ಯಾಗು ಮತ್ತು ಫೋನಿನ ಚಾರ್ಜರು ಹಿಡಿದುಕೊಂಡು ದಾಬಸ್‌ಪೇಟೆಯಲ್ಲಿ ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದುಬಿಟ್ಟಳು.

ಬಂದವಳನ್ನು ಯಾರೂ ಏನೂ ಕೇಳಲಿಲ್ಲ. ಅವರೆಕಾಯಿ ಕಾಲ, ಮನೆಯಲ್ಲಿ ಒಂದು ಜೊತೆ ಕೈ ಹೆಚ್ಚಾದರೆ ಒಳ್ಳೆಯದೇ. ಅತ್ತೆ ಅಮ್ಮ ಇಬ್ಬರೂ ಜಗಲಿಯ ಮೇಲೆ ಕೂತು ಕಾಯಿ ಸುಲಿಯುವುದು, ಕಾಳು ನೆನೆಸುವುದು, ಹಿತುಕುವುದು. ಹಿತುಕಿದ ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ಮಧ್ಯೆ ಅತ್ತೆ ಸೆರಗಿಗೆ ಬೆರಳು ಒರೆಸಿಕೊಂಡು ಫೋನು ನೋಡುವುದು. ಮೊದಲ ವಾರ ಹಬ್ಬದ ಹಾಗಿತ್ತು. ಎರಡನೆಯ ವಾರ ಹಾಲಿನ ಡೈರಿಯ ಹತ್ತಿರ ಎದುರುಮನೆಯ ಕೆಂಪಮ್ಮ ಅಮ್ಮನನ್ನು ತಮಾಷೆಗೆ ಕೇಳಿದಳು: "ರತ್ನಮ್ಮ ಬಂದವ್ಳಲ್ಲ, ನೀನ್ಯಾವಾಗಮ್ಮ ನಿಮ್ಮಣ್ಣನ ಮನೆಗೆ ಹೊರಡದು?"

ಅಮ್ಮ ನಕ್ಕಳು. ನಾನು ಜೊತೆಗಿದ್ದೆ, ಚೆನ್ನಾಗಿಯೇ ನಕ್ಕಳು. ಮಾರನೆಯ ದಿನದಿಂದ ಡೈರಿಗೆ ಹಾಲು ಹಾಕಲು ನನ್ನನ್ನು ಕಳಿಸಿದಳು.

ಅಮ್ಮನಿಗೆ ಆಗ ಐವತ್ತು ದಾಟಿತ್ತು. ಯಾರೂ ಅವಳನ್ನು ಎಲ್ಲಿಗೂ ಕಳಿಸುವವರಿರಲಿಲ್ಲ. ಅಪ್ಪ ಅಂಥವರಲ್ಲ, ಮಾವ ಕೇಳುವವರಲ್ಲ, ಕಾಲವೂ ಅದಲ್ಲ. ಆದರೆ ಆ ದಿನಗಳಲ್ಲಿ ಅಮ್ಮ ಮನೆಯಲ್ಲಿ ನೆಂಟರ ಹಾಗೆ ನಡೆದುಕೊಳ್ಳತೊಡಗಿದಳು. ಪಾತ್ರೆಯನ್ನು ಸದ್ದಾಗದಂತೆ ಇಡುವುದು, ಸಾರಿಗೆ ಉಪ್ಪು ಸರಿಯಿದೆಯಾ ಎಂದು ಅಪ್ಪನನ್ನು ಕೇಳುವುದು. ಮೂವತ್ತು ವರ್ಷದಲ್ಲಿ ಅವಳು ಉಪ್ಪಿನ ವಿಷಯದಲ್ಲಿ ಯಾರ ಅಭಿಪ್ರಾಯವನ್ನೂ ಕೇಳಿದವಳಲ್ಲ. ಹೀಗೆಲ್ಲ ಈಗ ಅನ್ನಿಸುತ್ತದೆ. ಆಗ ಗಮನಿಸಿದ್ದೆನೋ, ಆಮೇಲೆ ಸೇರಿಸಿಕೊಂಡೆನೋ, ಖಾತ್ರಿಯಿಲ್ಲ.

ಮಾವ ಫೋನು ಮಾಡಲಿಲ್ಲ, ಅತ್ತೆಯೂ ಮಾಡಲಿಲ್ಲ. ಆದರೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಅತ್ತೆಯ ಫೋನು ಗುಂಯ್ ಎನ್ನುತ್ತಿತ್ತು. ಮಾವನಿಂದ ಟ್ರೇಡ್. ದಿನವೂ ಒಂದೇ ಬೇಡಿಕೆ: ನನ್ನ ಗೋಪುರವನ್ನು ತಗೋ, ನಿನ್ನ ಟವಲ್ ಕೊಡು. ಲೀಗಿನ ಅತ್ಯುತ್ತಮ ಆಟಗಾರನಿಗೆ ಬದಲಾಗಿ ಬೆಂಚಿನ ಮೇಲೆ ಮುಸುಕು ಹಾಕಿಕೊಂಡು ಕೂತವನು. ಧನುರ್ಮಾಸ ಹಿಡಿದಿತ್ತು, ಒಪ್ಪಿದರೂ ನಡೆಯುವಂತಿರಲಿಲ್ಲ. ಮಾವನಿಗೆ ಅದು ಗೊತ್ತಿತ್ತು. ಅವರು ಕಳಿಸುತ್ತಿದ್ದದ್ದು ಕೆಳಗಿನ ಚೌಕದಲ್ಲಿ ಬರೆಯಲು. ಅತ್ತೆ ಅದನ್ನು ನಮಗೆಲ್ಲ ಕೇಳಿಸುವಂತೆ ಓದುತ್ತಿದ್ದಳು.

"ಇವತ್ತು ಒದ್ದಳು. ಬಲಗಾಲು."

"ಹಾಲು ಒಂದೂವರೆ ಲೀಟ್ರು ಕಮ್ಮಿ ಬಂತು."

"ಮುದ್ದೆ ಗಂಟು ಗಂಟು ಆಯ್ತದೆ. ನೀರು ಎಷ್ಟು?"

ಓದಿ ಮುಗಿಸಿ, ಮುಖದಲ್ಲಿ ಏನೂ ತೋರಿಸದೆ, 'ಬೇಡ' ಎಂಬ ಗುಂಡಿ ಒತ್ತಿ ಮತ್ತೆ ಕಾಳಿಗೆ ಕೈ ಹಾಕುತ್ತಿದ್ದಳು. ನೀರು ಎಷ್ಟೆಂಬ ಪ್ರಶ್ನೆಗೆ ಮಾತ್ರ ಅಮ್ಮ ತಡೆಯಲಾರದೆ, "ಹೇಳ್ಬಾರ್ದಾ ಅತ್ಗೆ, ಪಾಪ," ಎಂದಳು. "ನಿಮ್ಮಣ್ಣ ಅಲ್ವಾ, ನೀವೇ ಹೇಳಿ ಅತ್ಗೆ," ಎಂದಳು ಅತ್ತೆ. ಅಮ್ಮ ಹೇಳಲಿಲ್ಲ. ಆ ವಾರ ಮಾವ ಗಂಟುಮುದ್ದೆಯನ್ನೇ ತಿಂದಿರಬೇಕು.

ಸಂಕ್ರಾಂತಿ ಕಳೆಯಿತು. ಮರುದಿನ ಬೆಳಿಗ್ಗೆ ಅದೇ ಬೇಡಿಕೆ ಮತ್ತೆ ಬಂತು. ಚೌಕದಲ್ಲಿ ಈ ಸಲ ಇದ್ದದ್ದು ಒಂದೇ ಮಾತು: "ಕೇಳ್ತಾ ಇದೀನಿ."

ಅತ್ತೆ ಅದನ್ನೂ ಜೋರಾಗಿಯೇ ಓದಿದಳು. ಆದರೆ ಗುಂಡಿ ಒತ್ತಲಿಲ್ಲ. ಫೋನನ್ನು ಮೊಗಚಿ ಹಾಕಿ ಪಕ್ಕಕ್ಕಿಟ್ಟಳು.

ಅವಳು ಒಪ್ಪಿಬಿಡುತ್ತಾಳೆಂದು ಹೆದರಿದವರು ಚಿಕ್ಕಪ್ಪ. ಆ ವರ್ಷ ಮೊದಲ ಸ್ಥಾನದಲ್ಲಿದ್ದದ್ದು ಅವರು. ಗೋಪುರ ಅತ್ತೆಯ ಕೈ ಸೇರಿದರೆ ಅವರ ಕಥೆ ಮುಗಿಯಿತು. ಗ್ರೂಪಿನಲ್ಲಿ ಬರೆದರು: "ಗಂಡ ಹೆಂಡ್ತಿ ಒಂದೇ ಮನೆ. ಒಂದೇ ಮನೆಯೊಳಗೆ ಕೊಟ್ಟು ತರಂಗಿಲ್ಲ. ಪಟೇಲರು ಗಮನಿಸ್ಬೇಕು."

ನ್ಯಾಯವಾದ ತಕರಾರು. ಅಪ್ಪನಿಗೆ ಬೇರೆ ಥರ ಕಂಡಿತು. "ರತ್ನ ಈಗ ನಮ್ಮನೇಲವ್ಳೆ. ನಮ್ಮನೆಯಿಂದ ಭಾವನ ಮನೆಗೆ ಕೊಟ್ಟು ತರಬೌದು," ಎಂದು ಬರೆದರು. ತಂಗಿಯ ಪರ ವಹಿಸಿದ್ದೇನೆ ಎಂದು ಅವರ ನಂಬಿಕೆ. ಮುನಿರಾಜು ಒಂದು ಹೆಬ್ಬೆರಳಿನ ಚಿತ್ರ ಹಾಕಿದ, ಯಾರಿಗೆಂದು ತಿಳಿಯಲಿಲ್ಲ. ನಯಾಜ್ ಬರೆದ: "ಆಂಟಿ ಎಲ್ಲಿ ಊಟ ಮಾಡ್ತಾರೋ ಅದೇ ಮನೆ ಅಲ್ವಾ ಗುರು? ಸಿಂಪಲ್." ಆಮೇಲೆ ಎಲ್ಲರೂ ಚಂದ್ರುವಿಗಾಗಿ ಕಾಯುತ್ತಿದ್ದೆವು. ಗೋದಾಮಿನಲ್ಲಿ ಲಾರಿ ಲೋಡು ಮಾಡಿಸುತ್ತಿದ್ದವನು ತನ್ನ ತಾಯಿ ಯಾವ ಮನೆಯವಳು ಎಂದು ತೀರ್ಪು ಕೊಡಬೇಕಾಗಿತ್ತು.

ಅವನು ನನಗೆ ಫೋನು ಮಾಡಿದ. "ಏನ್ ಹೇಳ್ಲಿ ಗುರು ನಾನು? ಒಂದೇ ಮನೆ ಅಂದ್ರೆ ಅಮ್ಮನ್ನ ಎಳ್ಕೊಂಡು ಬಂದಂಗಾಯ್ತದೆ. ಬೇರೆ ಮನೆ ಅಂದ್ರೆ ಅಪ್ಪನ್ನ ಬಿಟ್ಬಿಟ್ಟಂಗೆ. ಆಪಲ್ಲಿ ಇಂಥದ್ದಕ್ಕೆಲ್ಲ ಎಲ್ಲಿ ಒತ್ತೋದು?"

"ನಿಮ್ಮಮ್ಮನ್ನೇ ಕೇಳು," ಎಂದೆ. ಕೇಳುವುದು ಎಂಬುದೇ ಅಲ್ಲಿನ ವಿಷಯವೆಂದು ನನಗೆ ಆಗ ಗೊತ್ತಿತ್ತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಬಹುಶಃ ನನಗೆ ಕಾಲೇಜಿಗೆ ಹೊತ್ತಾಗಿತ್ತು.

ಚಂದ್ರು ಗ್ರೂಪಿನಲ್ಲೇ ಕೇಳಿದ. "ಅಮ್ಮ, ನೀನೇ ಹೇಳ್ಬೇಕು. ನಿಂದು ಯಾವ ಮನೆ?"

ಇಲ್ಲಿ ಸೂಟ್‌ಕೇಸು ಬರುತ್ತದೆ. ಕಂದುಬಣ್ಣದ್ದು, ಮೂಲೆಗೆ ತಗಡಿನ ಪಟ್ಟಿ ಹೊಡೆದದ್ದು, ಅಮ್ಮ ಮದುವೆಯಾಗಿ ಬಂದಾಗ ತಂದದ್ದು. ಅದರ ಜಾಗ ಅಟ್ಟ. ನನ್ನ ನೆನಪಿನಲ್ಲಿ ಅದು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಯಿ ತೆರೆದು ಬಿಸಿಲಿನಲ್ಲಿ ಬಿದ್ದಿದೆ. ನುಸಿಗುಳಿಗೆಯ ವಾಸನೆ, ತಳದಲ್ಲಿ ಹಾಸಿದ ಹಳದಿಗಟ್ಟಿದ ಪೇಪರು. ಒಳಗೆ ಏನೂ ಇಲ್ಲ. ಅತ್ತೆ ಜಗಲಿಯ ಮೇಲೆ ಕಾಳಿನ ಪಾತ್ರೆ ಹಿಡಿದು ಕೂತಿದ್ದಾಳೆ.

"ಏನತ್ಗೆ ಇದು?"

"ಬಿಸಿಲಿಗೆ ಹಾಕಿದೀನಿ ಅತ್ಗೆ. ಜಿರಳೆ ಆಗಿತ್ತು."

ಅಷ್ಟೇ. ಆಮೇಲೆ ಇಬ್ಬರೂ ಕಾಳು ಹಿತುಕುತ್ತಾರೆ.

ಅತ್ತೆ ಗ್ರೂಪಿನಲ್ಲಿ ಉತ್ತರ ಬರೆದದ್ದು ಒಂದು ಸಂಜೆ. "ಒಂದೇ ಮನೆ. ಟ್ರೇಡ್ ಬೇಡ." ಹೀಗೆ ಬರೆದು ಮಾವನ ಗೋಪುರವನ್ನು ಹಿಂದಕ್ಕೆ ಕಳಿಸಿದಳು. ಚಿಕ್ಕಪ್ಪ ಕೈಮುಗಿಯುವ ಚಿತ್ರ ಹಾಕಿದರು. ಬೆಳಿಗ್ಗೆ ಅವಳ ಬ್ಯಾಗಿಗೆ ಅಮ್ಮ ಹಿತಕಿದಬೇಳೆಯ ಒಂದು ಡಬ್ಬಿ ಇಟ್ಟಳು, ಅಪ್ಪ ಬಸ್ಸಿಗೆ ಹತ್ತಿಸಿ ಬಂದರು. ಮಾವ ದಾಬಸ್‌ಪೇಟೆಯ ಸರ್ಕಲ್ಲಿನಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರಂತೆ. ಇಬ್ಬರೂ ದಾರಿಯಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಆ ವರ್ಷ ಲೀಗು ಗೆದ್ದದ್ದು ಚಿಕ್ಕಪ್ಪ; ಅದನ್ನು ಅವರು ಇನ್ನೂ ಹೇಳಿಕೊಳ್ಳುತ್ತಾರೆ.

ಚುಕ್ಕಿ ವಾಪಸ್ ಬರಲಿಲ್ಲ. ಮಾವ ಕೇಳಿ ನೋಡಿದರು, ಅವರು ಕೊಡಲಿಲ್ಲ. ಹಸುಗಳ ವಿಷಯದಲ್ಲಿ ಆ ಊರಿನಲ್ಲಿ ನಮ್ಮ ಲೀಗಿನ ರಿವಾಜು ನಡೆಯುವುದಿಲ್ಲ. ಅತ್ತೆ ಅವರೆ ಸಿಪ್ಪೆಯನ್ನು ಒಂದು ಮಂಕರಿಯಲ್ಲಿ ತುಂಬಿಕೊಂಡು ಮೂರು ಮನೆ ಆಚೆ ಹೋಗಿ ಚುಕ್ಕಿಯ ಮುಂದೆ ಸುರಿದು ಬರುತ್ತಾಳೆ. ಮಾವ ಅದನ್ನು ನೋಡುತ್ತಾರೆ. ಹಾಗಾದರೆ ಹಸು ಸಿಕ್ಕಿತೆಂದು ಅತ್ತೆ ಹೋದದ್ದಲ್ಲ. ಇದೊಂದು ಖಾತ್ರಿ.

ಉಳಿದದ್ದು ಸೂಟ್‌ಕೇಸು. ಅತ್ತೆ 'ಒಂದೇ ಮನೆ' ಎಂದು ಬರೆಯುವ ಮೊದಲೇ ಅದು ಅಟ್ಟದಿಂದ ಇಳಿದಿದ್ದರೆ, ಅವಳು ಹೋದದ್ದಕ್ಕೆ ಒಂದು ಅರ್ಥ. ಅವಳು ಹೋದಮೇಲೆ ಇಳಿದಿದ್ದರೆ ಇನ್ನೊಂದು ಅರ್ಥ, ಆಗ ಅದು ನಿಜವಾಗಿ ಜಿರಳೆಯ ವಿಷಯ. ಆದರೆ ಹೋದಮೇಲೆ ಇಳಿದಿದ್ದರೆ ಅತ್ತೆ ಜಗಲಿಯ ಮೇಲೆ ಇರಲು ಸಾಧ್ಯವಿಲ್ಲ. ನನ್ನ ನೆನಪಿನಲ್ಲಿ ಇದ್ದಾಳೆ. ನೆನಪಿನ ಗುಣವೇ ಹಾಗೆ, ಜನರನ್ನು ತನಗೆ ಬೇಕಾದ ಕಡೆ ಕೂರಿಸಿಕೊಳ್ಳುತ್ತದೆ. ಯಾವ ದಿನ ಯಾರು ಯಾರನ್ನು ಕೊಟ್ಟು ಯಾರನ್ನು ತಂದರು ಎಂಬುದೆಲ್ಲ ಆಪಿನಲ್ಲಿ ಈಗಲೂ ಸಿಗುತ್ತದೆ. ಅಟ್ಟದಿಂದ ಏನು ಯಾವಾಗ ಇಳಿಯಿತು ಎಂದು ಯಾವ ಆಪೂ ಇಟ್ಟುಕೊಂಡಿಲ್ಲ.

ಅಮ್ಮನನ್ನು ಕೇಳಿದೆ. "ಯಾವ ಸೂಟ್‌ಕೇಸು? ಸುಣ್ಣ ಹೊಡೆಸಿದಾಗ ಇಳಿಸಿದ್ದಷ್ಟೆ," ಎಂದಳು. ಅಪ್ಪ ಪೇಪರಿನಿಂದ ತಲೆಯೆತ್ತದೆ, "ಇಳಿಸಿದ್ದು ನಾನೇ. ಯಾವ ವರ್ಷ ಅಂತ ಕೇಳ್ಬೇಡ," ಎಂದರು. ಕಾಳು ಹಿತುಕುವ ಕಾಲ ಬಂದಾಗಲೆಲ್ಲ ಇದು ನೆನಪಾಗುತ್ತದೆ, ಕಾಲ ಮುಗಿದರೆ ಮರೆಯುತ್ತದೆ. ಹೋದ ಭಾನುವಾರದತನಕ ಹಾಗೇ ಇತ್ತು.

ಇಷ್ಟು ವರ್ಷ ಗೋಪುರಕ್ಕೂ ಕೊಡದ ಟವಲ್‌ನನ್ನು ಅತ್ತೆ ನನಗೆ ಯಾಕೆ ಕೊಡುತ್ತಿದ್ದಾಳೆ? ಅವನಿಗೂ ವಯಸ್ಸಾಯಿತು, ಇದೇ ಅವನ ಕೊನೆಯ ವರ್ಷವೆಂದು ಚಂದ್ರು ಹೇಳುತ್ತಾನೆ. ಅವಳಿಗೂ ಅದು ಗೊತ್ತಿರಬೇಕು. ಅವಳು ಚೌಕದಲ್ಲಿ ಬರೆದದ್ದು ಇಷ್ಟು: "ನಿಮ್ಮನೇಲಿರ್ಲಿ ಇವ್ನು." ನಮ್ಮ ಮನೆಯಲ್ಲಿ ಇರಲಿ ಎಂದರೆ ಅವಳ ತವರಿನಲ್ಲಿ. ಆ ಚಳಿಗಾಲದಲ್ಲಿ ಅವಳೂ ಇದೇ ಜಗಲಿಯ ಮೇಲೆ ಸೆರಗನ್ನು ತಲೆಗೆ ಹೊದ್ದು ಕೂತಿರುತ್ತಿದ್ದಳು. ಚಳಿಗೆ ಎಂದುಕೊಂಡಿದ್ದೆ ನಾನು.

ಒಪ್ಪಿಗೆಯ ಗುಂಡಿ ಒತ್ತಲು ಬೆರಳು ಹೋಯಿತು, ಒತ್ತಲಿಲ್ಲ. ಅದರ ಬದಲು ಉತ್ತರದ ಚೌಕ ತೆರೆದೆ. ಅವರೆಯ ಲೋಳೆಗೆ ಬೆರಳು ಜಾರುತ್ತಿತ್ತು, ಒಂದು ಅಕ್ಷರದ ಬದಲು ಇನ್ನೊಂದು ಮೂಡುತ್ತಿತ್ತು, ಅಳಿಸಿ ಅಳಿಸಿ ಬರೆಯಬೇಕಾಯಿತು. ಕಳಿಸಿದೆ. ಅವಳು ನೋಡಿದ್ದಾಳೆ ಎಂದು ಆಪು ತೋರಿಸುತ್ತಿದೆ. ಆಮೇಲೆ ತನ್ನ ತಂಡದಲ್ಲಿ ಇಬ್ಬರನ್ನು ಹಿಂದೆ ಮುಂದೆ ಮಾಡಿದ್ದಾಳೆ, ಈ ವಾರ ನನ್ನನ್ನು ಸೋಲಿಸಿಯೂ ಇದ್ದಾಳೆ. ಉತ್ತರ ಬಂದಿಲ್ಲ. ನಾನು ಗುಂಡಿ ಒತ್ತಿಲ್ಲ. ಟವಲ್ ನಮ್ಮಿಬ್ಬರ ಮನೆಗಳ ನಡುವೆ ಎಲ್ಲೋ ಕೂತಿದ್ದಾನೆ. ನಾನು ಬರೆದದ್ದು ಇಷ್ಟೇ:

"ಅತ್ತೆ, ಅವತ್ತು ನೀನು ವಾಪಸ್ ಹೋಗಿದ್ದು ಮಾವ ಕೇಳಿದ್ರು ಅಂತಾನಾ, ಇಲ್ಲ ಅಂಗಳದಲ್ಲಿ ಅಮ್ಮನ ಸೂಟ್‌ಕೇಸು ನೋಡಿದ್ಯಾ?"